ತೊಳೆಯದ ಹಿಟ್ಟಿನ ಕೋಲು

ಬೆಳಿಗ್ಗೆ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ನಾಲ್ಕೆಳೆ ರಂಗೋಲಿ ಬಿಟ್ಟು, ಹಾಲನ್ನು ಒಲೆಯ ಮೇಲಿಟ್ಟು ಅದರ ಎದುರಿಗೇ ನಿಂತುಕೊಂಡೆ. ಹಾಲಿಟ್ಟು ಬೇರೆ ಕೆಲಸ ನೋಡಲು ಹೋಗುವುದನ್ನು ಬಿಟ್ಟು ಮೂರು ವರ್ಷವಾಯಿತು. ತಳ ಹಿಡಿದರೆ ನನಗೆ ಗೊತ್ತಾಗುವುದಿಲ್ಲ. ಒಂದು ಜ್ವರ ಬಂತು, ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು.

ಮನೆಯವರಿಗೆ ಕಾಫಿ ಕೊಟ್ಟೆ. ಅವರು ಮೇಷ್ಟರಾಗಿ ನಿವೃತ್ತರಾದವರು. ಕಾಫಿಗೆ ಮುಂಚೆ ಒಂದು ಚಿಟಿಕೆ ನಶ್ಯ, ಕಾಫಿ ಆದ ಮೇಲೆ ಒಂದು ಚಿಟಿಕೆ. ನಲವತ್ತು ವರ್ಷದ ನಶ್ಯದಲ್ಲಿ ಅವರ ಮೂಗೂ ಉಳಿದಿಲ್ಲ. ಪಾಂಡವಪುರದ ಈ ಮನೆಯಲ್ಲಿ ಮೂಗುಗಳು ಎರಡಿವೆ, ವಾಸನೆ ಹಿಡಿಯುವುದು ಒಂದೂ ಇಲ್ಲ.

ಆಮೇಲೆ ಹಿತ್ತಿಲಿಗೆ ಹೋಗಿ ಒಗೆಯುವ ಕಲ್ಲಿನ ಪಕ್ಕದ ಮಡಕೆಯ ಬಟ್ಟೆ ಬಿಚ್ಚಿ ನೋಡಿದೆ. ಒಳಗೆ ರಾಗಿ ಗಂಜಿ. ಮೇಲೆ ಬೂದು ಬಣ್ಣದ ತೆಳು ಕೆನೆ, ಅಂಚಿನಲ್ಲಿ ಸಾಸಿವೆಯಷ್ಟಷ್ಟೇ ಗುಳ್ಳೆ. ನಡುವೆ ಮುದ್ದೆ ತಿರುವುವ ಹಳೆಯ ಕೋಲೊಂದು ನೆಟ್ಟಗೆ ನಿಂತಿದೆ. ಇವತ್ತಿಗೆ ಹನ್ನೊಂದನೆಯ ದಿನ. ಗುಳ್ಳೆ ಇದೆ ನಿಜ, ಆದರೆ ಯಾವ ಗಂಜಿಗಾದರೂ ಗುಳ್ಳೆ ಬರುತ್ತದೆ. ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡೆ. ಹುಳಿಯೂ ಇದೆ, ಆದರೆ ನಿನ್ನೆಯ ದೋಸೆ ಹಿಟ್ಟಿಗೂ ಅದಿರುತ್ತದೆ. ನನಗೆ ಬೇಕಾಗಿದ್ದದ್ದು ವಾಸನೆ.

ಏಳು ಗಂಟೆಗೆ ಸಹನಾಳ ಫೋನು ಬಂತು. ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದ, ರಾಗಿ ಮದ್ಯ ಇಳಿಸುವ ಭಟ್ಟಿಗೆ ಈಗ ಹೊಸದಾಗಿ ಸೇರಿರುವ ಹುಡುಗಿ.

"ಮೇಡಂ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬರ್ತೀನಿ. ನಮ್ಮ ಹತ್ರ ಇದ್ದ ಹುಳಿ ಪೂರ್ತಿ ಹೋಗಿದೆ. ಇನ್ನು ಉಳಿದಿರೋದು ನಿಮ್ಮನೇಲಿ ಇರೋದೊಂದೇ ಅಂತ ಭಟ್ಟಿ ಯಜಮಾನ್ರು ಹೇಳಿದ್ರು. ಇದೆ ಅಲ್ವಾ?"

"ಇದೆ, ಬಾರಮ್ಮ" ಅಂದುಬಿಟ್ಟೆ.

ಮಡಕೆಯಲ್ಲಿ ಇರುವುದು ಅದೇ ಹುಳಿಯೋ ಬರೀ ಹಳಸಿದ ಗಂಜಿಯೋ ನನಗೇ ಗೊತ್ತಿಲ್ಲ. ಫೋನಿಟ್ಟ ಮೇಲೆ ಬೇಜಾರಾಯಿತು. ಬರುವ ಹುಡುಗಿಗೆ ಮಡಕೆಯೊಂದನ್ನೇ ಕೊಟ್ಟರೆ ಸಾಲದು, ಈ ಕೆಲಸ ನಿಜವಾಗಿ ಹೇಗಿತ್ತು ಎನ್ನುವುದನ್ನೂ ಬರೆದು ಕೊಡೋಣ ಎಂದು ತಿಂಡಿ ಮುಗಿಸಿ ಕೂತೆ.

ಸಹನಾ, ನಾನು ಕೆಲಸಕ್ಕೆ ಸೇರಿದಾಗ ನನಗೆ ನಲವತ್ತನಾಲ್ಕು ವಯಸ್ಸು. ಅಲ್ಲಿಯವರೆಗೆ ಅಡುಗೆಮನೆ, ಹಬ್ಬ, ಮಕ್ಕಳ ಯೂನಿಫಾರಂ, ಇಷ್ಟೇ. ಬೆಳಗೊಳದ ಕಡೆ ಹೋಗುವ ದಾರಿಯಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದವರೊಬ್ಬರು ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಲೈಸೆನ್ಸು ಪಡೆದು ಸಣ್ಣ ಭಟ್ಟಿ ಇಟ್ಟಿದ್ದರು. ರಾಗಿಯಿಂದ ಮದ್ಯ ಇಳಿಸುವುದು. ಅವರೇ ನಮ್ಮ ಯಜಮಾನರು. ಅಬಕಾರಿ ಇಲಾಖೆಗೆ ಇಂಗ್ಲಿಷಿನಲ್ಲಿ ಕಾಗದ ಬರೆಯಲು, ದಿನದ ವಿವರ ದಾಖಲಿಸಲು ಒಬ್ಬರು ಬೇಕಾಗಿತ್ತು. ನಾನು ಶ್ರೀರಂಗಪಟ್ಟಣದ ಕಾನ್ವೆಂಟಿನಲ್ಲಿ ಓದಿದವಳು, ಅಕ್ಷರ ಗುಂಡಗಿದೆ ಎಂದು ಯಾರೋ ಹೇಳಿದರಂತೆ. ನೆಂಟರು ಕೇಳಿದರೆ ಮನೆಯವರು "ರಾಗಿ ಮಿಲ್ಲಲ್ಲಿ ಲೆಕ್ಕ ನೋಡ್ಕೋತಾಳೆ" ಎನ್ನುತ್ತಿದ್ದರು. ನಾನು ತಿದ್ದಲಿಲ್ಲ. ರಾಗಿ ಅನ್ನುವುದಂತೂ ಸುಳ್ಳಲ್ಲ.

ಮೊದಲ ದಿನ ಶೆಡ್ಡಿನ ಬಾಗಿಲು ತೆಗೆದಾಗ ಬಂದ ವಾಸನೆಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಆಚೆ ಓಡಿದೆ. ಸತ್ತ ಇಲಿ, ಕನರಿದ ಬೆಣ್ಣೆ, ಮಗು ಕಕ್ಕಿದ ಹಾಲು, ಎಲ್ಲ ಒಟ್ಟಿಗೆ. ಹಿಂದೆಯೇ ಒಬ್ಬ ಹೆಂಗಸು ನಗುತ್ತಾ ಬಂದರು. ಎತ್ತರದ ಆಳು, ಎಡಗಿವಿಯ ಓಲೆ ಮಾತ್ರ ಸ್ವಲ್ಪ ಜೋತುಬಿದ್ದಿತ್ತು. ಅವರೇ ಕೆಂಪಮ್ಮ, ಹುಳಿ ತೊಟ್ಟಿ ನೋಡಿಕೊಳ್ಳುವವರು. ಕೆ.ಆರ್. ಪೇಟೆ ಕಡೆಯಲ್ಲಿ ಹುಟ್ಟಿ, ಪಾಲಹಳ್ಳಿಗೆ ಸೊಸೆಯಾಗಿ ಬಂದವರು.

"ಓಡೋಗ್ಬ್ಯಾಡ್ರವ್ವ, ಅದೇನ್ ಕಚ್ಚಾಕಿಲ್ಲ" ಅಂದರು.

"ಇದನ್ನ ಜನ ಕುಡೀತಾರಾ?"

"ಇದ್ನ ಯಾರ್ ಕುಡುದಾರು? ಇದು ಯಪ್ಪು ಕಣವ್ವ. ಮೊಸರ್ಗೆ ಯಪ್ಪು ಆಕಲ್ವಾ, ಅಂಗೆ."

ಕೆಲಸ ಹೀಗಿತ್ತು. ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟನ್ನು ಗಂಜಿ ಕಾಯಿಸಿ, ಆರಿಸಿ, ತೊಟ್ಟಿಗೆ ಹಾಕಿ ಬಟ್ಟೆ ಕಟ್ಟಿ ಬಿಡುವುದು. ಅಂಗಡಿಯ ಯೀಸ್ಟು ಇದಕ್ಕೆ ಹಾಕುವುದಿಲ್ಲ. ಕಾಳಿನ ಸಿಪ್ಪೆಯಲ್ಲಿ, ತೊಟ್ಟಿಯ ಗೋಡೆಯಲ್ಲಿ ತಾವಾಗಿ ಇರುವ ಸೂಕ್ಷ್ಮಜೀವಿಗಳೇ ಹುಳಿ ಬರಿಸಬೇಕು. ಎಂಟು ಒಂಬತ್ತು ದಿನಕ್ಕೆ ನಾರುತ್ತದೆ. ಹಾಗೆ ನಾರಿದ ಹುಳಿಯನ್ನು, ಬೇರೆ ಪೀಪಾಯಿಯಲ್ಲಿ ಯೀಸ್ಟಿನಿಂದ ಹುದುಗಿದ ರಾಗಿಗೆ ಒಂದು ಅಳತೆ ಸೇರಿಸಿ, ಆಮೇಲೆ ತಾಮ್ರದ ಹಂಡೆಯಲ್ಲಿ ಇಳಿಸುವುದು. ಕೆಟ್ಟ ಬೆಣ್ಣೆಯಲ್ಲಿರುವ ಆಮ್ಲವೇ ಈ ಹುಳಿಯಲ್ಲಿಯೂ ಇರುವುದು, ಮದ್ಯಸಾರದ ಜೊತೆ ಕಾದಾಗ ಅದು ಹಣ್ಣಿನ ಪರಿಮಳವಾಗಿ ಬದಲಾಗುತ್ತದೆ ಎಂದು ಯಜಮಾನರು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದರು. ನನಗೆ ನಂಬಿಕೆ ಬರಲಿಲ್ಲ. ಹಂಡೆಯ ಕೊಳವೆಯಿಂದ ಬಂದ ನಾಲ್ಕು ಹನಿಯನ್ನು ಅವರು ನನ್ನ ಅಂಗೈಗೆ ಬಿಟ್ಟು ಉಜ್ಜಿಕೊಳ್ಳಲು ಹೇಳಿದರು. ಮೂಗಿನ ಹತ್ತಿರ ತಂದರೆ ಹಲಸಿನ ಹಣ್ಣು! ಆಗತಾನೇ ಬಿಡಿಸಿದ ತೊಳೆ. ಬೆಳಗಿನ ಆ ಇಲಿಯ ವಾಸನೆ ಎಲ್ಲೂ ಇಲ್ಲ. ಅವತ್ತು ಮನೆಗೆ ಹೋಗುವವರೆಗೂ ಬಲಗೈಯನ್ನು ಯಾವುದಕ್ಕೂ ತಾಗಿಸಲಿಲ್ಲ.

ಯಜಮಾನರ ಬಗ್ಗೆ ಒಂದು ಮಾತು. ಅವರು ಮದ್ಯ ಕುಡಿಯುತ್ತಿರಲಿಲ್ಲ. ಬಾಯಿಗೆ ಹಾಕಿ, ಮುಕ್ಕಳಿಸಿ, ಕಿಟಕಿಯಾಚೆಯ ಕರಿಬೇವಿನ ಗಿಡದ ಬುಡಕ್ಕೆ ಉಗಿಯುತ್ತಿದ್ದರು. ಆ ಗಿಡ ಚೆನ್ನಾಗಿಯೇ ಬೆಳೆಯಿತು. ಒಂದು ಸಲ ಪಿ.ಎಚ್. ಮೀಟರು ತಂದರು. ಮೀಟರಿನಲ್ಲಿ ಅಂಕಿ ಸರಿಯಾಗಿ ಬಂತು ಎಂದು ಆರನೆಯ ದಿನವೇ ಹುಳಿ ಬಳಸಲು ಹೇಳಿದರು. ಕೆಂಪಮ್ಮ ಬಗ್ಗಿ ಮೂಸಿ, "ಇನ್ನೂ ಆಗಿಲ್ಲ ಸೋಮಿ" ಅಂದರು. ಯಜಮಾನರು ಮೀಟರನ್ನು ನಂಬಿದರು. ಇಳಿದ ಸರಕಿನಲ್ಲಿ ಯಾವ ಹಣ್ಣೂ ಇರಲಿಲ್ಲ, ಬರೀ ಖಾರ. ಅವರು ದೊಡ್ಡ ಮನುಷ್ಯ, ತಪ್ಪನ್ನು ನನ್ನ ಕೈಯಲ್ಲೇ ಪುಸ್ತಕದಲ್ಲಿ ಬರೆಸಿದರು. ಅವತ್ತಿನಿಂದ ಮೀಟರಿನ ಅಂಕಿಯ ಪಕ್ಕದಲ್ಲಿ ಕೆಂಪಮ್ಮನ ಮಾತನ್ನೂ ಬರೆಯುವುದು ನಿಯಮವಾಯಿತು. ನಾವು ಅದನ್ನು ವಾಸನೆ ಪುಸ್ತಕ ಎನ್ನುತ್ತಿದ್ದೆವು. ಒಂದನೇ ದಿನ, ಹಸಿ ಹಿಟ್ಟು. ಮೂರನೇ ದಿನ, ಮಜ್ಜಿಗೆ. ಆರನೇ ದಿನ, ಕನರು ಬೆಣ್ಣೆ. ಒಂಬತ್ತನೇ ದಿನ, ಮಳೆಯಲ್ಲಿ ನೆನೆದ ಹೋತ.

"ಓತ ಬಂದ್ಮೇಲೇ ಅಲಸು ಬರಾದು" ಎನ್ನುವುದು ಕೆಂಪಮ್ಮನ ತೀರ್ಮಾನ. ಗಂಡು ಮೇಕೆಯ ಮೈಯ ಗಬ್ಬು ತೊಟ್ಟಿಯಿಂದ ಏಳುವವರೆಗೆ ಅವರು ಯಾರಿಗೂ ಸೌಟು ಮುಟ್ಟಿಸುತ್ತಿರಲಿಲ್ಲ.

ಇದರಲ್ಲಿ ನಾನು ಮಾಡಿದ ದೊಡ್ಡ ತಪ್ಪನ್ನು ಬಚ್ಚಿಡುವುದಿಲ್ಲ. ಸೇರಿದ ವರ್ಷವೇ ಆಯುಧಪೂಜೆ ಬಂತು. ಹಿಂದಿನ ದಿನ ಶೆಡ್ಡಿನ ಸಾಮಾನೆಲ್ಲ ತೊಳೆದು ಕುಂಕುಮ ಇಡುವ ಪದ್ಧತಿ. ಕೆಂಪಮ್ಮ ಮಧ್ಯಾಹ್ನವೇ ಮನೆಗೆ ಹೋಗಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಉಗುರಿನ ಸಂದಿಯನ್ನೂ ಬ್ರಷ್ಷಿನಲ್ಲಿ ಉಜ್ಜುವುದನ್ನು ಕಲಿಸಿದ್ದರು. ನಾನು ಹಂಡೆ, ಪೀಪಾಯಿ, ತಕ್ಕಡಿ ಎಲ್ಲ ತೊಳೆಸಿ, ಕೊನೆಗೆ ಹುಳಿ ತೊಟ್ಟಿಯನ್ನು ಚರಂಡಿಗೆ ಬಗ್ಗಿಸಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಬಿಸಿನೀರು ಸುರಿದೆ. ಒಳಗೋಡೆಯ ಕಂದು ಪದರ ಎದ್ದು ಹೋಗಿ ಸಿಮೆಂಟು ಕಂಡಾಗ ಎಷ್ಟು ಸಂತೋಷವಾಯಿತು ಅಂತೀಯ. ತೊಟ್ಟಿಯ ಮುಂದೆ ಪುಟ್ಟ ರಂಗೋಲಿಯನ್ನೂ ಬಿಟ್ಟೆ.

ಪೂಜೆಯ ಬೆಳಿಗ್ಗೆ ಕೆಂಪಮ್ಮ ಬಾಗಿಲಲ್ಲೇ ನಿಂತರು.

"ಯಾಕವ್ವ ಆಸ್ಪತ್ರೆ ವಾಸ್ನೆ ಬತ್ತಾ ಅದೆ?"

"ಪೂಜೆ ಅಲ್ವಾ ಕೆಂಪಮ್ಮ, ಎಲ್ಲಾ ತೊಳೆಸಿದೆ."

"ಉಳಿ ತೊಟ್ಟಿನೂ ತೊಳ್ದ್ಬುಟ್ರಾ?"

"ಅದೇ ಎಲ್ಲಕ್ಕಿಂತ ಗಲೀಜಾಗಿತ್ತು."

"ಅಯ್ಯೋ ನಿಮ್ ಕೈ ಸೇದೋಗ! ಅದು ಗಲೀಜಲ್ಲ ಕಣವ್ವ, ತುಂಬಿದ್ ಬಸ್ರಿ ಅದು. ಬಸ್ರಿಗೆ ಇಸ ಉಯ್ದ್ಬುಟ್ರಲ್ಲ!"

ಹೇಳಿದ ತಕ್ಷಣ ನಾಲಿಗೆ ಕಚ್ಚಿಕೊಂಡರು, ನಾನು ಅಳಲು ಶುರು ಮಾಡಿದ್ದೆ. ಆ ಹುಳಿಯ ಮೂಲ ಅಂಗಡಿಯಲ್ಲಿ ಸಿಗುವುದಲ್ಲ. ಕೆಂಪಮ್ಮನ ತವರಿನಲ್ಲಿ ಹಗೇವು ಇತ್ತು, ನೆಲದೊಳಗೆ ರಾಗಿ ತುಂಬಿ ವರ್ಷಗಟ್ಟಲೆ ಮುಚ್ಚಿಡುವ ಗುಂಡಿ. ಅದರ ತಳದಲ್ಲಿ ಬೆಚ್ಚಗೆ ಮುಗ್ಗಿದ ರಾಗಿಯಿಂದ ಮೊದಲ ಹುಳಿ ಹುಟ್ಟಿದ್ದು. ಆ ಹಗೇವನ್ನು ಮುಚ್ಚಿ ಮೇಲೆ ಮನೆ ಕಟ್ಟಿ ಆಗಿತ್ತು. ನಾಗಮಂಗಲದಿಂದ ಒಳ್ಳೆಯ ಹೊಲದ ರಾಗಿಯನ್ನೇ ತಂದು ಹೊಸದಾಗಿ ಹುಳಿ ಹಾಕಿದೆವು. ಮಜ್ಜಿಗೆಯವರೆಗೆ ಬಂದು ನಿಂತುಬಿಟ್ಟಿತು. ಹೋತ ಬರಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಕೆಂಪಮ್ಮ ತುತ್ತನ್ನು ಅರ್ಧಕ್ಕೇ ನಿಲ್ಲಿಸಿ, "ಇರಿ, ಇರಿ, ನನ್ ಕೋಲು!" ಅಂದರು.

ತೊಟ್ಟಿ ತಿರುವಲು ಅವರು ಇಟ್ಟುಕೊಂಡಿದ್ದದ್ದು ಅವರ ಅತ್ತೆಯ ಕಾಲದ ಹಿಟ್ಟಿನ ಕೋಲು, ಮುದ್ದೆ ತಿರುವುವಂಥದು. ಆಯುಧಪೂಜೆಗೆ ಎಲ್ಲರೂ ತಮ್ಮ ತಮ್ಮ ಆಯುಧ ಪೂಜಿಸುತ್ತಾರಲ್ಲ, ಅವರು ಕುಡುಗೋಲಿನ ಜೊತೆ ಇಡಲು ಅದನ್ನು ಹಿಂದಿನ ದಿನವೇ ಮನೆಗೆ ಒಯ್ದಿದ್ದರು. ಹಳೆಯ ಹುಳಿ ಕುಡಿದಿದ್ದ ಆ ಮರ ನನ್ನ ಬ್ಲೀಚಿಂಗ್ ಪೌಡರಿನಿಂದ ತಪ್ಪಿಸಿಕೊಂಡಿತ್ತು.

"ತೊಳೆದಿದ್ರಾ?" ಎಂಜಲು ಕೈಯಲ್ಲೇ ಎದ್ದು ನಿಂತೆ.

"ನಾನ್ಯಾಕ್ ತೊಳೀಲಿ? ನಿಮ್ಮಂಗೆ ಕಾನ್ವೆಂಟಲ್ ಓದಿದ್ನಾ? ಮ್ಯಾಲ್ಗಡೆ ಕುಂಕ್ಮ ಇಟ್ಟು ಸೂರ್ಗೆ ಸಿಗ್ಸಿವ್ನಿ."

ಆ ಕೋಲನ್ನು ಆರಿದ ಗಂಜಿಯಲ್ಲಿ ನೆಟ್ಟು ಬಟ್ಟೆ ಕಟ್ಟಿದೆವು. ನಾನು ದಿನವೂ ತೊಟ್ಟಿಯ ಪಕ್ಕದಲ್ಲಿ ಕೂತು, ಮಜ್ಜಿಗೆ, ಮಜ್ಜಿಗೆ ಎಂದು ಬರೆಯುತ್ತಿದ್ದೆ. ಒಂಬತ್ತನೆಯ ದಿನ ಕೆಂಪಮ್ಮ ನನ್ನ ತಲೆಯನ್ನು ಹಿಡಿದು ತೊಟ್ಟಿಯೊಳಕ್ಕೆ ಬಗ್ಗಿಸಿದರು. "ಬಂತು ನೋಡವ್ವ!" ಚರಂಡಿಯ ಹತ್ತಿರಕ್ಕೆ ಓಡಿದೆ. ಅಷ್ಟು ಸಂತೋಷದಿಂದ ನಾನು ಯಾವತ್ತೂ ವಾಂತಿ ಮಾಡಿಕೊಂಡಿಲ್ಲ.

ಆಮೇಲೆ ನನ್ನ ಮೂಗು ಪಳಗಿತು. ಒಮ್ಮೆ ಮನೆಯಲ್ಲಿ ಪರೀಕ್ಷಿಸೋಣವೆಂದು ಸೀಸೆಯಲ್ಲಿ ಹುಳಿ ತರುತ್ತಿದ್ದಾಗ ಬಸ್ಸಿನಲ್ಲಿ ಬಿರಡೆ ಹಾರಿ ಸೀರೆಯ ನೆರಿಗೆಗೆಲ್ಲ ಚೆಲ್ಲಿತು. ನನಗೆ ಅದು ದಿನದ ವಾಸನೆ, ಗಮನಿಸಲೇ ಇಲ್ಲ. ಎರಡು ಸ್ಟಾಪಿನಲ್ಲಿ ಸುತ್ತಲಿನ ಸೀಟುಗಳು ಖಾಲಿಯಾದವು. ಕಂಡಕ್ಟರು ಬಂದು, "ಯಾರಮ್ಮ ವಾಂತಿ ಮಾಡ್ದೋರು? ಕಿಟ್ಕಿ ಯಾಕ್ ಮಡ್ಗಿರಾದು?" ಎಂದು ಕೂಗಿದ. ಪಕ್ಕದಲ್ಲಿದ್ದ ಪಾಪದ ಮುದುಕಿಯನ್ನು ಎಲ್ಲರೂ ನೋಡಿದರು. ನಾನು ಕಿಟಕಿಯಾಚೆ ವಿ.ಸಿ. ನಾಲೆಯ ನೀರನ್ನು ನೋಡುತ್ತಾ ಕೂತೆ. ಆ ಮುದುಕಿಗೆ ಕ್ಷಮಾಪಣೆ ಕೇಳಬೇಕಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಹೊಸ ಅಬಕಾರಿ ಇನ್‌ಸ್ಪೆಕ್ಟರೊಬ್ಬರು ತಪಾಸಣೆಗೆ ಬಂದು, ಬೇಡವೆಂದರೂ ಕೇಳದೆ ತೊಟ್ಟಿಯ ಬಟ್ಟೆ ತೆಗೆಸಿದರು. ಇಣುಕಿದವರೇ ಹೊರಗೆ ಹೋಗಿ ಬೇವಿನ ಮರ ಹಿಡಿದು ನಿಂತರು. "ಏನ್ರೀ ಇದು, ಹೆಣ ಹೂತಿದೀರಾ?" ನಾನು ಗಾಬರಿಯಲ್ಲಿ ಇಂಗ್ಲಿಷಿನಲ್ಲಿ ವಿವರಿಸತೊಡಗಿದೆ. ಕೆಂಪಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, "ಸೋಮಿ, ನಿಮ್ಮನೇಲಿ ತುಪ್ಪ ಕಾಯ್ಸಾಕ್ ಮುಂಚೆ ಬೆಣ್ಣೆ ಮೂಸಿದ್ದೀರಾ? ಅಷ್ಟೇಯ" ಅಂದರು. ಇನ್‌ಸ್ಪೆಕ್ಟರು ಮರದ ಕೆಳಗೇ ನಿಂತು ಸಹಿ ಹಾಕಿದರು. ಆಮೇಲೆ ಎಷ್ಟೋ ವರ್ಷ ಶೆಡ್ಡಿನ ಒಳಗೆ ತಪಾಸಣೆಯೇ ನಡೆಯಲಿಲ್ಲ.

ಇನ್ನು ಮೂಗು ಹೋದ ವಿಷಯ. ಜ್ವರ ಬಿಟ್ಟು ಕೆಲಸಕ್ಕೆ ಹೋದ ದಿನ ಶೆಡ್ಡು ಬಹಳ ಸ್ವಚ್ಛವಾಗಿದೆ ಅನ್ನಿಸಿತು. ಸಂಜೆ ಹೊತ್ತಿಗೆ ಅರ್ಥವಾಯಿತು. ಯಾರಿಗೂ ಹೇಳಲಿಲ್ಲ. ಕೆಂಪಮ್ಮನಿಗೆ ಆಗ ಮಂಡಿನೋವು, ವಾರಕ್ಕೆರಡು ದಿನ ಮಾತ್ರ ಬರುತ್ತಿದ್ದರು. ನಾನು ದಿನ ಎಣಿಸಿ, ಗುಳ್ಳೆ ನೋಡಿ, ಹಳೆಯ ಪುಟಗಳಲ್ಲಿದ್ದದ್ದನ್ನೇ ನೋಡಿ ಬರೆದೆ. ಎರಡು ತಿಂಗಳು ನಡೆಯಿತು. ಮೂರನೆಯ ತಿಂಗಳು ಒಂದು ತೊಟ್ಟಿ ಕೆಟ್ಟು ಮೊಟ್ಟೆ ಕೊಳೆತ ವಾಸನೆ ಬರುತ್ತಿತ್ತಂತೆ. ನಾನು ಅದರ ಮುಂದೆ ನಿಂತು, "ಒಂಬತ್ತನೇ ದಿನ, ನೆನೆದ ಹೋತ" ಎಂದು ಗುಂಡಗೆ ಬರೆದಿದ್ದೆ. ಅಷ್ಟೂ ಸರಕು ಹಾಳಾಯಿತು. ಯಜಮಾನರು ಪುಸ್ತಕವನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ಕೇಳುವ ಮುಂಚೆ ನಾನೇ ಹೇಳಿದೆ. ಸಹನಾ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯಬೇಕು. ನಾನು ಆ ಮೂರು ತಿಂಗಳು ಬರೆದ ಪುಟಗಳನ್ನು ನೀನು ನಂಬಬೇಡ, ಮೂಲೆಗಳನ್ನು ಮಡಿಸಿದ್ದೇನೆ.

ಕೆಲಸ ಬಿಟ್ಟ ದಿನ ಕೆಂಪಮ್ಮ ಒಂದು ಮಡಕೆಯಲ್ಲಿ ಹುಳಿಯನ್ನೂ, ಆ ಕೋಲನ್ನೂ ತಂದು ಕೊಟ್ಟರು. "ನನ್ ಸೊಸೆ ಇದ್ನ ಒಲೆಗಾಕ್ತಾಳೆ. ನೀವ್ ಮಡೀಕಳಿ. ತೊಳ್ದ್ಗಿಳ್ದೀರಾ ಮತ್ತೆ!" ಅವರು ಹೋದ ವರ್ಷ ತೀರಿಕೊಂಡರು. ನಮ್ಮಿಬ್ಬರ ನಂತರ ಬಂದ ಮ್ಯಾನೇಜರು ಹುಳಿ ಬರಿಸಲು ಪೊಟ್ಟಣದ ಪುಡಿ ತರಿಸಿ, ತೊಟ್ಟಿಗೆ ಟೈಲ್ಸ್ ಹಾಕಿಸಿದರಂತೆ. ಹಲಸು ಹೋಯಿತು. ಹಾಗಾಗಿ ಆ ಹುಳಿ ಉಳಿದದ್ದು ನಮ್ಮ ಹಿತ್ತಿಲಿನಲ್ಲಿ ಮಾತ್ರ. ಭಟ್ಟಿ ಇಳಿಸುವುದು ಮನೆಯಲ್ಲಿ ಮಾಡುವ ಕೆಲಸವಲ್ಲ, ಮಾಡಲೂಬಾರದು. ನಾನು ವಾರಕ್ಕೊಮ್ಮೆ ಮಡಕೆಗೆ ಹೊಸ ಗಂಜಿ ಹಾಕಿ ಹುಳಿಯನ್ನು ಜೀವಂತ ಇಟ್ಟಿದ್ದೆ, ಅಷ್ಟೇ.

ಇಟ್ಟಿದ್ದೇನೆ ಅಂದುಕೊಂಡಿದ್ದೆ. ಪಕ್ಕದ ಮನೆಯ ಬೋರೇಗೌಡರು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು. ಕ್ಯಾನಿನ ಮುಚ್ಚಳ ತೆಗೆದು ಮೂಸಿದರೆ ಹಾಲು ಒಡೆಯುತ್ತದೋ ಇಲ್ಲವೋ ಹೇಳಬಲ್ಲ ಮೂಗು ಅವರದು. ಎರಡು ತಿಂಗಳ ಹಿಂದೆ ಕಾಂಪೌಂಡಿನ ಮೇಲಿಂದ, "ಅದೇನಮ್ಮಾ ಮಡ್ಗಿದೀರಿ? ನಮ್ಮಸ ಮೇವೇ ಮೂಸಲ್ದು" ಎಂದು ಗೊಣಗಿದರು. ಜಗಳ ಯಾಕೆಂದು "ಎಸೆದುಬಿಡ್ತೀನಿ ಗೌಡ್ರೇ" ಅಂದೆ. ಎಸೆಯಲಿಲ್ಲ, ಗೋಡೆಯಿಂದ ಒಗೆಯುವ ಕಲ್ಲಿನ ಮರೆಗೆ ಸರಿಸಿದೆ. ಅವರು ಅರೆಮನಸ್ಸಿನಿಂದ ಸುಮ್ಮನಿದ್ದರು. ಹನ್ನೊಂದು ದಿನದ ಹಿಂದೆ ಅವರೇ ಕರೆದು ನಗುತ್ತಾ, "ಈಗ ಎಸೆದ್ರಿ ನೋಡಿ. ಗಾಳಿ ಎಷ್ಟ್ ಚೆಂದಾಗದೆ!" ಅಂದರು.

ಓಡಿಹೋಗಿ ನೋಡಿದೆ. ಮಡಕೆ ಅಲ್ಲೇ ಇತ್ತು. ವಾಸನೆ ಇಲ್ಲ ಅಂದರೆ ಹುಳಿ ಸತ್ತಿದೆ. ಯೋಚಿಸಿದಾಗ ಕಾರಣ ಹೊಳೆಯಿತು. ನಮ್ಮ ಬೀದಿಯ ಪೈಪು ರಿಪೇರಿಯಾದ ಮೇಲೆ ನಲ್ಲಿ ನೀರಿಗೆ ಔಷಧಿ ಜಾಸ್ತಿ ಹಾಕಿದ್ದಾರೆ ಎಂದು ಬೀದಿಯವರೆಲ್ಲ ಮಾತಾಡಿಕೊಂಡಿದ್ದರು. ನಾನು ಮೂಸಲಾರದೆ ಅದೇ ನೀರಿನಲ್ಲಿ ಗಂಜಿ ಕಲೆಸಿ ಹಾಕಿದ್ದೆ. ಅದೇ ಬ್ಲೀಚಿಂಗ್ ಪೌಡರು, ಅದೇ ನಾನು.

ಕೋಲು ಅಡುಗೆಮನೆಯ ಅಟ್ಟದಲ್ಲಿತ್ತು. ಮೂರು ವರ್ಷದ ಧೂಳು, ತುದಿಯಲ್ಲಿ ಕುಂಕುಮದ ಕಲೆ. ಮಡಕೆಯಲ್ಲಿದ್ದದ್ದನ್ನು ಚೆಲ್ಲಿ, ಬೋರ್‌ವೆಲ್ ನೀರು ತಂದು ಗಂಜಿ ಮಾಡಿ, ಉಗುರುಬೆಚ್ಚಗಾದ ಮೇಲೆ ಕೋಲು ನೆಟ್ಟು ಬಟ್ಟೆ ಕಟ್ಟಿದೆ. ಮೂರು ವರ್ಷ ಒಣಗಿದ ಮರದಲ್ಲಿ ಆ ಜೀವ ಇನ್ನೂ ಇದೆಯೇ? ಪುಷ್ಯದ ಚಳಿ ಬೇರೆ. ಒಂಬತ್ತು ದಿನ ಆಯಿತು, ಹತ್ತೂ ಆಯಿತು. ಯಾರನ್ನಾದರೂ ಕರೆದು ಮೂಸಿಸೋಣವೆಂದರೆ, ಹೂವಿನವಳು "ನಾರ್ತದೆ" ಅನ್ನುತ್ತಾಳೆ. ಹೇಗೆ ನಾರುತ್ತದೆ ಎನ್ನುವುದು ಬೇಕು. ನಾನೇ "ಹೋತದ ಹಾಗಾ?" ಎಂದು ಕೇಳಿದರೆ ಮರ್ಯಾದೆಗೆ "ಊಂ" ಅನ್ನುತ್ತಾಳೆ. ಬೋರೇಗೌಡರನ್ನು ಕೇಳಲು ಬಾಯಿಲ್ಲ, ಎಸೆದೆ ಅಂದಿದ್ದೇನಲ್ಲ.

ಇಷ್ಟು ಬರೆದು, ಕೊನೆಯ ಹಾಳೆಯಲ್ಲಿ "ಇದು ಅದೇ ಹುಳಿ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ, ನೀನೇ ನೋಡಿಕೋ" ಎಂದು ಸೇರಿಸಿ ಎದ್ದಾಗ ಸಂಜೆಯಾಗಿತ್ತು. ಒಣಗಿದ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದೆ. ಗೋಡೆಯಾಚೆ ಬೋರೇಗೌಡರು ಕರುವಿಗೆ ಹುಲ್ಲು ಹಾಕುತ್ತಿದ್ದರು. ನಾಳೆ ನೀರು ಬರುತ್ತದೆಯೇ ಎಂದು ಕೇಳಿದರು. ಬರಬಹುದು ಅಂದೆ. ಅವರು ಹುಲ್ಲಿನ ಕಂತೆ ಕೆಳಗಿಟ್ಟು, ಮೂಗೆತ್ತಿ, ನಮ್ಮ ಹಿತ್ತಿಲನ್ನು ಈ ಕೊನೆಯಿಂದ ಆ ಕೊನೆಗೆ ನೋಡಿದರು.

"ಅಲ್ಲ ಕಣಮ್ಮಾ, ನಮ್ ಮೇಷ್ಟ್ರು ಈ ವಯಸ್ನಲ್ಲಿ ಓತ ಸಾಕಾಕೆ ಸುರು ಮಾಡವ್ರಾ? ಎಲ್ ಕಟ್ಟಿದೀರಿ, ಕಾಣಾದೇ ಇಲ್ವಲ್ಲ!"